ಮದ್ರಾಸಿ: ನೋಡಿ ದಕ್ಷಿಣ ಭಾರತೀಯರು

ಊರಿಗೆ ಹೋದಾಗಲೆಲ್ಲ "ದಿಲ್ಲಿಯಾಗ ಏನು ಕೆಲಸ ಮಾಡ್ತೀಪಾ?" ಅಂತ ಕೇಳುವವರಿಗೆ ಉತ್ತರ ಹೇಳುವುದು ನನಗೆ ಇವತ್ತಿಗೂ ಕಷ್ಟ. ನಮ್ಮವ್ವ "ಬುಕ್ ಬರೀತಾನ" ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದಳು. ನಾನು ಬರೆಯುವುದಿಲ್ಲ. ಬೇರೆಯವರು ಬರೆದ ಇಂಗ್ಲಿಷ್ ಪುಸ್ತಕಗಳ ಪ್ರೂಫ್ ನೋಡುತ್ತೇನೆ, ಕೊನೆಯಲ್ಲಿ ಬರುವ ಹತ್ತು ಹದಿನೈದು ಪುಟದ ಇಂಡೆಕ್ಸ್ ಮಾಡಿಕೊಡುತ್ತೇನೆ. ಯಾವ ಹೆಸರು, ಯಾವ ವಿಷಯ, ಯಾವ ಪುಟದಲ್ಲಿದೆ ಅನ್ನುವ ಪಟ್ಟಿ. 1989ರಲ್ಲಿ ಹಾವೇರಿ ಕಡೆಯ ನಮ್ಮ ಹಳ್ಳಿಯಿಂದ ಬಂದು ದರಿಯಾಗಂಜಿನ ಅನ್ಸಾರಿ ರಸ್ತೆಯ ಒಂದು ಸಣ್ಣ ಪ್ರಕಾಶನದಲ್ಲಿ ಸೇರಿಕೊಂಡಾಗ ಚಪ್ಪಲಿ ಡಬ್ಬಿಯಲ್ಲಿ ಕಾರ್ಡು ಜೋಡಿಸಿಕೊಂಡು ಈ ಕೆಲಸ ಮಾಡುತ್ತಿದ್ದೆವು. ಈಗ ಕಂಪ್ಯೂಟರ್ ಬಂದಿದೆ, ಆದರೆ ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಅದು ಹೇಳಿಕೊಡುವುದಿಲ್ಲ.

ನಮ್ಮ ಪ್ರಕಾಶನದ ಮುಖ್ಯ ಸರಕು ಅಂದರೆ ಸೈನ್ಯ, ಗಡಿ, ಭದ್ರತೆ, ವಿದೇಶಾಂಗ ನೀತಿ. ದಿಲ್ಲಿಯಲ್ಲಿ ಇಂಥ ಪುಸ್ತಕಗಳಿಗೆ ಬರೆಯುವವರೂ ಬಹಳ, ಓದುವವರೂ ಬಹಳ. ರಾವ್ ತುಲಾರಾಮ್ ಮಾರ್ಗದಲ್ಲಿ 1965ರಲ್ಲಿ ಶುರುವಾದ ರಕ್ಷಣಾ ಅಧ್ಯಯನ ಸಂಸ್ಥೆ ಇದೆ, 1870ರಲ್ಲಿ ಶಿಮ್ಲಾದಲ್ಲಿ ಹುಟ್ಟಿದ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಇದೆ. ನಮ್ಮ ದೆಹಲಿ ಕರ್ನಾಟಕ ಸಂಘ ಇರುವುದೂ ಅದೇ ರಸ್ತೆಯಲ್ಲಿ! ಸಂಘಕ್ಕೆ ನಾಟಕ ನೋಡಲು ಹೋಗುವಾಗ ಬಗಲಲ್ಲಿ ಪ್ರೂಫ್ ಕಟ್ಟು ಇಟ್ಟುಕೊಂಡು, ದಾರಿಯಲ್ಲಿ ಯಾವುದೋ ನಿವೃತ್ತ ಜನರಲ್ ಸಾಹೇಬರಿಗೆ ಕೊಟ್ಟು ಹೋದದ್ದೂ ಉಂಟು. 1999ರ ಕಾರ್ಗಿಲ್ ಯುದ್ಧದ ನಂತರವಂತೂ ನಮಗೆಲ್ಲ ಸುಗ್ಗಿ. ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿ 2000ದಲ್ಲಿ ಪುಸ್ತಕವಾಗಿಯೇ ಅಂಗಡಿಗೆ ಬಂತು. ಅಲ್ಲಲ್ಲಿ ಭದ್ರತೆಯ ಕಾರಣಕ್ಕೆ ಮಾತು ಕತ್ತರಿಸಿದ್ದರು, ಆದರೂ ಕೊಂಡು ಓದಿದರು. ಸರಕಾರಿ ವರದಿಯೊಂದನ್ನು ಜನ ಕಾಸು ಕೊಟ್ಟು ಓದಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಈ ಪುಸ್ತಕಗಳನ್ನು ನಾನು ಹೊಟ್ಟೆಪಾಡಿಗೆ ಓದಲು ಶುರು ಮಾಡಿದವನು. ಬರಬರುತ್ತ ಚಟವೇ ಆಯಿತು. ಭಾನುವಾರ ದರಿಯಾಗಂಜಿನ ಫುಟ್‌ಪಾತಿನಲ್ಲಿ (2019ರ ತನಕ ಆ ಪುಸ್ತಕ ಸಂತೆ ಫುಟ್‌ಪಾತಿನಲ್ಲೇ ಇತ್ತು) ಹಳೆಯ ಪ್ರತಿಗಳನ್ನು ಹುಡುಕುತ್ತಿದ್ದೆ. ಅಮೆರಿಕದ ರ‍್ಯಾಂಡ್ ಸಂಸ್ಥೆಗಾಗಿ ಜಾರ್ಜ್ ಟ್ಯಾನಮ್ 1992ರಲ್ಲಿ ಬರೆದ ತೆಳ್ಳನೆಯ ಪುಸ್ತಕ ಸಿಕ್ಕಿತು. ಭಾರತೀಯರು ಯುದ್ಧತಂತ್ರದ ಬಗ್ಗೆ ಕ್ರಮವಾಗಿ ಯೋಚಿಸಿದ್ದೇ ಕಡಿಮೆ ಅನ್ನುವುದು ಅದರ ವಾದ. ದಿಲ್ಲಿಯ ಪಂಡಿತರು ವರ್ಷಗಟ್ಟಲೆ ಅದನ್ನು ಬೈದರು, ಬೈಯಲಿಕ್ಕಾಗಿಯೇ ಓದಿದರು. ಸ್ಟೀಫನ್ ಕೊಹೆನ್ 1971ರಲ್ಲಿ ಭಾರತೀಯ ಸೈನ್ಯದ ಬಗ್ಗೆ ಬರೆದ ಪುಸ್ತಕ ಸಿಕ್ಕಿತು. ನನ್ನ ಮಟ್ಟಿಗೆ ಇದು ಈ ಜಾತಿಯ ಪುಸ್ತಕಗಳಲ್ಲೆಲ್ಲ ಒಳ್ಳೆಯದು, ಏಕೆಂದರೆ ಅದರಲ್ಲಿ ತೋಪಿಗಿಂತ ಮನುಷ್ಯರು ಹೆಚ್ಚು. ಯಾರನ್ನು ಸೈನ್ಯಕ್ಕೆ ಸೇರಿಸಿಕೊಂಡರು, ಯಾರನ್ನು ಹೊರಗಿಟ್ಟರು, ಯಾಕೆ ಅನ್ನುವುದೇ ಅದರ ಜೀವಾಳ. ಮಹಾರರನ್ನು ಬ್ರಿಟಿಷರು ಮೊದಲು ಸೇರಿಸಿಕೊಂಡು, 1892ರಲ್ಲಿ ಬಾಗಿಲು ಮುಚ್ಚಿ, ಮೊದಲ ಮಹಾಯುದ್ಧದಲ್ಲಿ ಬೇಕಾದಾಗ ತೆಗೆದು, ಮತ್ತೆ ಮುಚ್ಚಿ, ಕೊನೆಗೆ 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಕಟ್ಟಿದ ಕಥೆಯನ್ನು ಈ ಓದಿನಲ್ಲೇ ನಾನು ತಿಳಿದದ್ದು. ಬೆಳಗಾವಿಗೆ ನೂರು ಸಲ ಹೋಗಿದ್ದವನಿಗೆ ಅದು ದರಿಯಾಗಂಜಿನಲ್ಲಿ ಗೊತ್ತಾಗಬೇಕಾಯಿತು.

ನಮ್ಮಪ್ಪನೂ ಸೈನ್ಯದಲ್ಲಿದ್ದವನು. 1962ರ ಚೀನಾ ಯುದ್ಧದಲ್ಲಿ ಸೋತ ಮೇಲೆ ಸೈನ್ಯವನ್ನು ದೊಡ್ಡದು ಮಾಡಿದಾಗ, 1963ರಲ್ಲಿ ಸೇರಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹದಿನೇಳು ವರ್ಷ ಇದ್ದು, ಹವಾಲ್ದಾರನಾಗಿ ಹೊರಬಂದ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬು ತೆಗೆಯುವುದು ಅವರ ಕೆಲಸ. 1780ರಷ್ಟು ಹಳೆಯ ಪಡೆ ಅದು. ಲಾರ್ಡ್ ರಾಬರ್ಟ್ಸ್ ಅನ್ನುವ ಸೇನಾಧಿಪತಿಗೆ ದಕ್ಷಿಣದ ಸಿಪಾಯಿಗಳ ಮೇಲೆ ಕಿಂಚಿತ್ತೂ ಗೌರವ ಇರಲಿಲ್ಲ. ಶೂರ ಜಾತಿಗಳೆಲ್ಲ ಉತ್ತರದಲ್ಲೇ ಹುಟ್ಟುತ್ತವೆ ಅನ್ನುವ ಸಿದ್ಧಾಂತ ಅವನ ಕಾಲದಲ್ಲಿ ಗಟ್ಟಿಯಾಗಿ ಬೇರೂರಿತು. ಮದ್ರಾಸಿನ ಕಾಲಾಳು ಪಡೆಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದರು, ಸ್ಯಾಪರ್ಸ್ ಮಾತ್ರ ಉಳಿಯಿತು. ಎರಡನೇ ಮಹಾಯುದ್ಧಕ್ಕೆ ಮುಂಚೆ ಸೈನ್ಯದ ಹೆಚ್ಚು ಕಡಿಮೆ ಅರ್ಧ ಜನ ಅವಿಭಜಿತ ಪಂಜಾಬಿನವರು. ನೂರು ವರ್ಷದ ಹಿಂದೆ ಒಬ್ಬ ಇಂಗ್ಲಿಷ್ ಮನುಷ್ಯ ಮಾಡಿಕೊಂಡ ಅಭಿಪ್ರಾಯ ಡಿಟಿಸಿ ಬಸ್ಸಿನ ತನಕ ಬಂದು ನಿಂತಿತ್ತು. "ಏಯ್ ಮದ್ರಾಸಿ, ಆಗೇ ಬಡ್" ಅಂತ ಕಂಡಕ್ಟರ್ ಕೂಗಿದಾಗ ನನಗೆ ಮೊದಲ ವರ್ಷ ಸಿಟ್ಟು, ಎರಡನೇ ವರ್ಷ ಬೇಸರ, ಮೂರನೇ ವರ್ಷ ಸುಮ್ಮನೆ ಮುಂದೆ ಸರಿಯುತ್ತಿದ್ದೆ.

1991ರಿಂದ ನಾವಿದ್ದದ್ದು ಪಶ್ಚಿಮ ದಿಲ್ಲಿಯ ಹರಿನಗರದಲ್ಲಿ, ಒಬ್ಬ ಸರದಾರರ ಮನೆಯ ಮೇಲ್ಮಹಡಿಯಲ್ಲಿ. ಸಿಖ್ ರೆಜಿಮೆಂಟಿನಲ್ಲಿ ಇಪ್ಪತ್ತೈದು ವರ್ಷ ಇದ್ದು ಸುಬೇದಾರರಾಗಿ ನಿವೃತ್ತರಾದವರು. ಬಾಡಿಗೆ ಮಾತಾಡಲು ಹೋದಾಗ ನನ್ನ ತಂದೆ ಫೌಜಿ ಅಂತ ಗೊತ್ತಾಗಿ ಐವತ್ತು ರೂಪಾಯಿ ಇಳಿಸಿದರು. ನನ್ನನ್ನು ಅವರು ಕರೆಯುತ್ತಿದ್ದದ್ದು 'ಮದ್ರಾಸಿ ಬೇಟಾ' ಅಂತ. ಅವರ ಬಾಯಲ್ಲಿ ಆ ಮಾತು ಚುಚ್ಚುತ್ತಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಬಿಸಿಲು ಕಾಯಿಸಲು ಮಹಡಿಗೆ ಬರುವರು. ನಾನು ಪ್ರೂಫ್ ಹರಡಿಕೊಂಡು ಕೂತಿದ್ದರೆ ಭೂತಕನ್ನಡಿ ಹಿಡಿದು "ಇವತ್ತು ಯಾವ ಯುದ್ಧ?" ಅಂತ ಕೇಳುವರು.

ಅವರಿಗೊಂದು ಕೊರಗಿತ್ತು. 1974ರಲ್ಲಿ ಸರಕಾರ ಸೈನ್ಯದ ಭರ್ತಿಯನ್ನು ಆಯಾ ರಾಜ್ಯದಲ್ಲಿ ಸೇರಲು ಯೋಗ್ಯರಾದ ಗಂಡಸರ ಸಂಖ್ಯೆಗೆ ತಕ್ಕಂತೆ ಹಂಚಬೇಕೆಂದು ನೀತಿ ಮಾಡಿತು. ಮೇಲುನೋಟಕ್ಕೆ ನ್ಯಾಯವೇ. ಕರ್ನಾಟಕಕ್ಕೆ, ಬಿಹಾರಕ್ಕೆ, ಆಂಧ್ರಕ್ಕೆ ಹೆಚ್ಚು ಜಾಗ, ಪಂಜಾಬಿಗೆ ಕಡಿಮೆ. ಅವರ ಅಣ್ಣನ ಮಗ ಓಟ, ಎತ್ತರ, ಎದೆಯಳತೆ ಎಲ್ಲದರಲ್ಲೂ ಪಾಸಾಗಿಯೂ ಜಾಗ ಮುಗಿದಿದೆ ಎಂದು ವಾಪಸು ಬಂದಿದ್ದನಂತೆ. "ಮೂರು ತಲೆಮಾರು ಕೊಟ್ಟ ಮನೆ ನಮ್ಮದು" ಅನ್ನುವರು. ನನ್ನ ಪುಸ್ತಕಗಳಲ್ಲಿ ಇದು ಒಂದು ಕೋಷ್ಟಕ. ಅದರಲ್ಲಿ ನಮ್ಮ ಕಡೆಯ ಅಂಕಿ ಏರಿದ್ದು ನೋಡಿ ನನಗೆ ಒಳಗೊಳಗೇ ಖುಷಿಯಾಗಿತ್ತು. ಏರಿದ ಅಂಕಿಯ ಇನ್ನೊಂದು ತುದಿ ಕೆಳಗಿನ ಮನೆಯಲ್ಲಿ ಚಾರ್‌ಪಾಯಿಯ ಮೇಲೆ ಕೂತಿದೆ ಅಂತ ಯೋಚಿಸಿರಲಿಲ್ಲ.

2001ರ ಕೊನೆಯಲ್ಲಿ ನನ್ನ ಕೈಗೆ ಒಂದು ದಪ್ಪ ಪುಸ್ತಕದ ಪ್ರೂಫ್ ಬಂತು. ಲೇಖಕರ ಹೆಸರು ಬೇಡ. ವಿದ್ವಾಂಸರು, ಪುಸ್ತಕವೂ ಕೆಟ್ಟದ್ದಲ್ಲ. ಭಾರತೀಯ ಸೈನ್ಯದಲ್ಲಿ ಪ್ರಾಂತ್ಯ, ಧರ್ಮ, ಜಾತಿಗಳ ಹದ ಹೇಗೆ ಕಾಯ್ದುಕೊಂಡರು, ಯಾವ ಒಂದು ಗುಂಪೂ ಬಂದೂಕು ಹಿಡಿದು ದಿಲ್ಲಿಯ ಗದ್ದುಗೆ ಹತ್ತದಂತೆ ಹೇಗೆ ನೋಡಿಕೊಂಡರು ಅನ್ನುವುದು ವಿಷಯ. ಲೇಖಕರೇ ಇಂಡೆಕ್ಸಿಗೆ ಒಂದು ಕರಡು ಪಟ್ಟಿ ಕಳಿಸಿದ್ದರು. ಅದರಲ್ಲಿ ಕೊಡವರಿಗೆ ಹೆಸರಿತ್ತು. ಇರಲೇಬೇಕು, 1949ರಲ್ಲಿ ಮೊದಲ ಭಾರತೀಯ ಸೇನಾಧಿಪತಿಯಾದ ಕಾರ್ಯಪ್ಪನವರೇ ಅಲ್ಲಿಯವರು, ಎಲ್ಲ ಜಾತಿ ಪ್ರಾಂತ್ಯಗಳನ್ನು ಬೆರೆಸಿ ಅದೇ ವರ್ಷ ಗಾರ್ಡ್ಸ್ ಪಡೆ ಕಟ್ಟಿಸಿದವರು, ಆಮೇಲೆ ತಿಮ್ಮಯ್ಯನವರು. ಅದೇ ಪಟ್ಟಿಯಲ್ಲಿ 'ಮದ್ರಾಸಿಗಳು: ನೋಡಿ ದಕ್ಷಿಣ ಭಾರತೀಯ ವರ್ಗಗಳು' ಅಂತ ಒಂದು ಸಾಲು. ಕನ್ನಡಿಗರ ಹೆಸರು ಇಡೀ ಪುಸ್ತಕದಲ್ಲಿ ಬರುವುದು ಒಂದೇ ಕಡೆ, 147ನೇ ಪುಟದ ಅಡಿಟಿಪ್ಪಣಿಯಲ್ಲಿ. ಹೀಗೆ ಸುಮ್ಮನೆ ಬಂದು ಹೋಗುವ ಹೆಸರನ್ನು ಇಂಡೆಕ್ಸಿಗೆ ತೆಗೆದುಕೊಳ್ಳಬಾರದು ಅನ್ನುವುದು ನಮ್ಮ ಕಸುಬಿನ ಮೊದಲ ನಿಯಮ.

ನಾನು ತೆಗೆದುಕೊಂಡೆ. 'ಕನ್ನಡಿಗರು, 147 ಟಿ.' ಯಾರೂ ಗಮನಿಸಲಿಲ್ಲ.

ಅದೇ ಸಮಯಕ್ಕೆ ಅಪ್ಪ ದಿಲ್ಲಿಗೆ ಬಂದ. ಡಿಸೆಂಬರ್ 13ರಂದು ಪಾರ್ಲಿಮೆಂಟಿನ ಮೇಲೆ ದಾಳಿಯಾಗಿ ಸೈನ್ಯವೆಲ್ಲ ಗಡಿಗೆ ಹೊರಟಿತ್ತು. ರಾಜಸ್ಥಾನ, ಪಂಜಾಬಿನ ಹೊಲಗಳಲ್ಲಿ ನೆಲಬಾಂಬು ಹೂಳುತ್ತಿದ್ದಾರೆ ಅಂತ ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳಿದೆ. ಅಪ್ಪ ಬೀಡಿ ಆರಿಸಿ, "ಹಾಕೋದು ಒಂದು ರಾತ್ರಿ ಕೆಲಸ, ತಮ್ಮಾ. ತಗಿಯೋದು ಒಂದು ವರ್ಷ ಆದ್ರೂ ಮುಗಿಯಂಗಿಲ್ಲ" ಅಂದ. ಅವತ್ತೇ ಸುಬೇದಾರರಿಗೂ ಅಪ್ಪನಿಗೂ ದೋಸ್ತಿಯಾಯಿತು. ಅಪ್ಪನ ಹಿಂದಿಯಲ್ಲಿ ಅರ್ಧ ತಮಿಳು, ಸುಬೇದಾರರ ಹಿಂದಿಯಲ್ಲಿ ಅರ್ಧ ಪಂಜಾಬಿ. ಪಲ್ಟನ್ನಿನಲ್ಲಿ ಮದ್ರಾಸ್ ಸ್ಯಾಪರ್ಸ್‌ನವರಿಗೆಲ್ಲ 'ತಂಬಿ' ಅಂತ ಹೆಸರು. ನನ್ನನ್ನು ಜೀವನವಿಡೀ 'ತಮ್ಮಾ' ಅಂತ ಕರೆದ ಅಪ್ಪನನ್ನು ಸುಬೇದಾರರು 'ತಂಬಿ' ಅಂತ ಕೂಗುವಾಗ ನನಗೆ ಒಂದು ಥರಾ ಆಗುತ್ತಿತ್ತು.

ಒಂದು ದಿನ ಮಹಡಿಯಲ್ಲಿ ಮೂವರೂ ಕೂತಿದ್ದೆವು. ಸುಬೇದಾರರು ಆ ಪುಸ್ತಕದ ಕೋಷ್ಟಕ ಓದಿಸಿಕೊಂಡರು. ಅಪ್ಪ ಕೇಳಿದ:

"ಅಲ್ಲೋ ತಮ್ಮಾ, ಇದರಾಗ ನಾ ಎಲ್ಲಿ ಬರ್ತೀನಿ?"

"ಸೌತ್ ಇಂಡಿಯನ್ ಕ್ಲಾಸಸ್ ಅಂತ ಐತಲ್ಲ, ಅಲ್ಲಿ."

"ಅಂದ್ರ ತಮಿಳರು, ತೆಲುಗರು, ಮಲಯಾಳದವರು, ನಾನು, ಎಲ್ಲಾ ಒಂದ ಚೀಲದಾಗ?"

"ಹೂಂ."

"ಹಂಗಾದ್ರ ಆ ಚೀಲದಾಗ ರೊಟ್ಟಿ ಸಂಬಂಧ ಏನೇನು ಜಗಳ ಆಗಿದ್ವು ಅಂತ ಬರ್ದಾರೇನು?"

ಬರೆದಿರಲಿಲ್ಲ. ಆಗ ಅಪ್ಪ ಹೇಳಿದ ಕಥೆಯನ್ನು ನಾನು ಮೂವತ್ನಾಲ್ಕು ವರ್ಷ ವಯಸ್ಸಾಗುವ ತನಕ ಕೇಳಿರಲಿಲ್ಲ. ಪಡೆಯ ಲಂಗರಿನಲ್ಲಿ ಎರಡು ಹೊತ್ತೂ ಅನ್ನ. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಅನ್ನ ಎಷ್ಟು ತಿಂದರೂ ಹೊಟ್ಟೆ ತುಂಬಿದಂತೆ ಅನ್ನಿಸುತ್ತಿರಲಿಲ್ಲವಂತೆ. ರಜೆಯಿಂದ ಹೋಗುವಾಗ ಅಜ್ಜಿ ಒಂದು ಡಬ್ಬಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಅಪ್ಪ ಡ್ಯೂಟಿಗೆ ಹೋದಾಗ ಪಕ್ಕದ ಕಾಟಿನ ತೆಲುಗು ಹುಡುಗ ಹಪ್ಪಳ ಅಂತ ಹೇಳಿ ಬ್ಯಾರಕ್ಕಿಗೆಲ್ಲ ಹಂಚಿಬಿಟ್ಟ. ಕೈ ಕೈ ಮಿಲಾಯಿಸುವ ತನಕ ಹೋಯಿತು. ಆರು ತಿಂಗಳು ಇಬ್ಬರೂ ಮಾತು ಬಿಟ್ಟರು. ಅಷ್ಟರಲ್ಲಿ 1971ರ ಡಿಸೆಂಬರ್. ಶಕರ್‌ಗಢದ ಕಡೆ ರಾತ್ರಿ ನೆಲಬಾಂಬು ತೆಗೆಯುವ ಕೆಲಸ. ಅಪ್ಪ ಮೊಣಕಾಲೂರಿ ಸಲಾಕೆಯಿಂದ ಮಣ್ಣು ಚುಚ್ಚಿ ನೋಡುತ್ತ ಮುಂದೆ. ತೆರವಾದ ದಾರಿಗೆ ಬಿಳಿ ಪಟ್ಟಿ ಹಾಸುತ್ತ ಅದೇ ತೆಲುಗು ಹುಡುಗ ಹಿಂದೆ. ಪಟ್ಟಿ ಒಂದು ಗೇಣು ಅತ್ತಿತ್ತ ಆದರೂ ಹಿಂದೆ ಬರುವವರು ಸತ್ತರು. ಅಪ್ಪ ಹಿಂದೆ ತಿರುಗಿ ನೋಡಲೂ ಇಲ್ಲವಂತೆ.

"ಅಂವ ಒಂದು ಇಂಚೂ ತಪ್ಪಲಿಲ್ಲ."

"ಆಮೇಲೆ ಮಾತಾಡಿದ್ರೇನು?"

"ಇಲ್ಲ. ಯಾಕ ಮಾತಾಡಬೇಕು?"

ನನಗೆ ತಟ್ಟನೆ ಇನ್ನೊಂದು ಪುಸ್ತಕ ನೆನಪಾಯಿತು. 1993ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ರ‍್ಯಾಂಡ್ ಸಂಸ್ಥೆಯಿಂದ ಒಂದು ಅಧ್ಯಯನ ಮಾಡಿಸಿತು: ಸಲಿಂಗಿಗಳನ್ನು ಸೈನ್ಯದಲ್ಲಿ ಬಹಿರಂಗವಾಗಿ ಇರಗೊಟ್ಟರೆ ಪಡೆಯ ಒಗ್ಗಟ್ಟು ಕೆಡುತ್ತದೆಯೇ ಅಂತ. ಬೇರೆ ದೇಶಗಳ ಸೈನ್ಯ, ಅವರದೇ ಊರುಗಳ ಪೊಲೀಸು, ಅಗ್ನಿಶಾಮಕ ದಳ ಎಲ್ಲ ನೋಡಿ ಬಂದು ಬರೆದರು. ಅದರಲ್ಲಿ ಒಂದು ಅಧ್ಯಾಯ ಒಗ್ಗಟ್ಟನ್ನು ಎರಡು ಮಾಡಿ ತೋರಿಸುತ್ತದೆ. ಒಂದು, ಒಬ್ಬರಿಗೊಬ್ಬರು ಇಷ್ಟವಾಗಿ ಬರುವ ಒಗ್ಗಟ್ಟು. ಇನ್ನೊಂದು, ಮಾಡಬೇಕಾದ ಕೆಲಸಕ್ಕೆ ಎಲ್ಲರೂ ಬದ್ಧರಾಗಿ ಬರುವ ಒಗ್ಗಟ್ಟು. ಪಡೆ ಚೆನ್ನಾಗಿ ನಡೆಯಲು ಮುಖ್ಯವಾಗಿ ಬೇಕಾದದ್ದು ಎರಡನೆಯದು. ಆ ವರ್ಷ ಅಮೆರಿಕ ಸರಕಾರ ಆ ಮಾತು ಕೇಳಲಿಲ್ಲ. ಕೇಳಬೇಡಿ ಹೇಳಬೇಡಿ ಅನ್ನುವ ಅಡ್ಡಗೋಡೆಯ ಕಾನೂನು ಮಾಡಿತು, 2011ರ ತನಕ ಅದನ್ನೇ ನಡೆಸಿತು. ನೂರಾರು ಪುಟದ ಆ ಅಧ್ಯಯನವನ್ನು ನಮ್ಮಪ್ಪ ಡಬ್ಬಿ ರೊಟ್ಟಿಯಲ್ಲಿ ಹೇಳಿ ಮುಗಿಸಿದ್ದ.

ಸುಬೇದಾರರು ಒಪ್ಪಲಿಲ್ಲ. ಅವರ ವಾದವೂ ಪುಸ್ತಕಗಳಲ್ಲಿ ಇರುವ ವಾದವೇ, ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. "ನಮ್ಮ ಪಲ್ಟನ್ನಿನಲ್ಲಿ ಎಲ್ಲರೂ ನಾಲ್ಕಾರು ಜಿಲ್ಲೆಯವರು. ನಾನು ಓಡಿಹೋದರೆ ನನಗಿಂತ ಮೊದಲು ಸುದ್ದಿ ನನ್ನ ಹಳ್ಳಿ ಮುಟ್ಟುತ್ತದೆ. ಅಮ್ಮನಿಗೆ ಮುಖ ತೋರಿಸುವುದು ಹೇಗೆ? ಅದಕ್ಕೇ ಓಡುವುದಿಲ್ಲ" ಅಂದರು. ಅಪ್ಪ, "ನಮ್ಮೂರಿಂದ ನಾ ಒಬ್ಬನ ಇದ್ದೆ. ಓಡಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ" ಅಂದ. ಇಬ್ಬರೂ ನಕ್ಕರು. ನಾನು ನಗುತ್ತಲೇ ಪ್ರೂಫಿನ ಪುಟ ಮುಚ್ಚಿದೆ. ಏಕೆಂದರೆ ಮುಂದಿನ ಅಧ್ಯಾಯ ಹೇಳುವುದು ಅದೇ ಗಂಟಿನ ಇನ್ನೊಂದು ಮುಖವನ್ನು. ಒಂದೇ ಊರು, ಒಂದೇ ಗುರುದ್ವಾರದ ಹುಡುಗರು ಒಂದೇ ಬ್ಯಾರಕ್ಕಿನಲ್ಲಿದ್ದರೆ ಧೈರ್ಯ ಹೇಗೆ ಹಬ್ಬುತ್ತದೋ ಸಂಕಟವೂ ಹಾಗೇ ಹಬ್ಬುತ್ತದೆ. 1984ರ ಜೂನಿನಲ್ಲಿ ಸೈನ್ಯ ಸ್ವರ್ಣಮಂದಿರದೊಳಗೆ ಹೋದ ಸುದ್ದಿ ತಲುಪಿದಾಗ ಬಿಹಾರದ ರಾಮಗಢದ ಸಿಖ್ ಕೇಂದ್ರದಲ್ಲಿ, ರಾಜಸ್ಥಾನದ ಗಂಗಾನಗರದಲ್ಲಿ ಸಿಪಾಯಿಗಳು ಬಂಡೆದ್ದರು. ರಾಮಗಢದಲ್ಲಿ ಕೇಂದ್ರದ ಬ್ರಿಗೇಡಿಯರ್ ಸಾಹೇಬರೇ ಗುಂಡಿಗೆ ಬಲಿಯಾದರು. ಆಮೇಲೆ ಕೆಲವು ಪಡೆಗಳಲ್ಲಿ ಪ್ರಾಂತ್ಯ ಬೆರೆಸುವ ಪ್ರಯೋಗ ನಡೆಯಿತು, ಮುಂದೆ ಅದನ್ನು ಬಿಟ್ಟರು.

ಸುಬೇದಾರರಿಗೆ ನಾನು ಮುಚ್ಚಿದ್ದು ಯಾವ ಪುಟ ಅಂತ ಗೊತ್ತಾಯಿತು. "ಓದು ಬೇಟಾ" ಅಂದರು. ಓದಿದೆ. ಕೇಳಿಸಿಕೊಂಡು, "ಹುಡುಗರು ತಪ್ಪು ಮಾಡಿದರು. ನಾನು ಅಲ್ಲಿದ್ದರೆ ಕಪಾಳಕ್ಕೆ ಹೊಡೆದು ನಿಲ್ಲಿಸುತ್ತಿದ್ದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇದರ ಮುಂದಿನದೂ ಇದೆಯಲ್ಲ ಪುಸ್ತಕದಲ್ಲಿ? ನವೆಂಬರ್?" ಅಂತ ಕೇಳಿದರು.

ಆ ನವೆಂಬರಿನಲ್ಲಿ ದಿಲ್ಲಿಯೊಂದರಲ್ಲೇ 2,733 ಸಿಖ್ಖರು ಸತ್ತರು ಅನ್ನುವುದು ಸರಕಾರವೇ ಒಪ್ಪಿದ ಲೆಕ್ಕ. ಎರಡು ಯುದ್ಧಗಳ ಪದಕ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ ಸುಬೇದಾರರು ಮೂರು ದಿನ ಪಕ್ಕದ ಬಂಗಾಲಿ ಗುಮಾಸ್ತರ ಮನೆಯ ಮಹಡಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ ಅಡಗಿದ್ದರು. ತಮ್ಮನ ಟ್ಯಾಕ್ಸಿ ಬೀದಿಯ ತುದಿಯಲ್ಲಿ ಉರಿಯುವುದು ಅಲ್ಲಿಂದ ಕಾಣುತ್ತಿತ್ತಂತೆ. ಇದನ್ನೆಲ್ಲ ನಮ್ಮ ಮನೆಯವಳಿಗೆ ಹೇಳಿದ್ದು ಅವರ ಹೆಂಡತಿ. ಅವರು ಎಂದೂ ಬಾಯಿ ಬಿಟ್ಟಿರಲಿಲ್ಲ.

ಪುಸ್ತಕದಲ್ಲಿ ಅದು ಇರಲಿಲ್ಲ. ಬಂಡಾಯಕ್ಕೆ ಹನ್ನೊಂದು ಪುಟ, ನವೆಂಬರಿಗೆ ಒಂದು ಸಾಲೂ ಇಲ್ಲ. ಸಿಖ್ ಸಿಪಾಯಿಯ ನಿಷ್ಠೆಯ ಬಗ್ಗೆ ಅಷ್ಟು ಅಳೆದು ತೂಗಿ ಬರೆದವರಿಗೆ, ಅವನ ಮನೆಯವರನ್ನು ರಾಜಧಾನಿಯಲ್ಲೇ ಯಾರು ಕಾಯ್ದರು ಅನ್ನುವ ಪ್ರಶ್ನೆ ಭದ್ರತೆಯ ವಿಷಯವಾಗಿ ಕಾಣಲಿಲ್ಲವೇ? ಪ್ರೂಫಿನ ಅಂಚಿನಲ್ಲಿ ವಿನಯದಿಂದ ಒಂದು ಪ್ರಶ್ನೆ ಬರೆದು ಕಳಿಸಿದೆ. ಪುಸ್ತಕದ ವ್ಯಾಪ್ತಿಗೆ ಬರುವುದಿಲ್ಲ ಅಂತ ಉತ್ತರ ಬಂತು. ಇನ್ನೊಂದು ಸಲ ಬರೆಯಬಹುದಿತ್ತು. ಬರೆಯಲಿಲ್ಲ. ನನ್ನ ಕೆಲಸ ಪುಟದ ಮೇಲೆ ಇರುವುದನ್ನು ಹುಡುಕಿಕೊಡುವುದು, ಇಲ್ಲದ್ದನ್ನಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನಮ್ಮವರಿಗಾಗಿ ಅದೇ ಕೈ ನಿಯಮ ಮುರಿದಿತ್ತು ಅನ್ನುವುದು ಮಾತ್ರ ಆಗ ಹೊಳೆಯಲಿಲ್ಲ, ಅಥವಾ ಹೊಳೆದರೂ ಬದಿಗೆ ಸರಿಸಿದೆನೋ.

ಪುಸ್ತಕ ಅಚ್ಚಾಗಿ ಬಂದಾಗ ಒಂದು ಪ್ರತಿ ಸುಬೇದಾರರಿಗೆ ಕೊಟ್ಟೆ. ಅಪ್ಪ ಅಷ್ಟರಲ್ಲಿ ಊರಿಗೆ ಹೋಗಿದ್ದ. ಅವರು ಮುನ್ನುಡಿ ಗಿನ್ನುಡಿ ನೋಡದೆ ನೇರ ಇಂಡೆಕ್ಸಿಗೆ ಹೋದರು, ನನ್ನ ಕೆಲಸ ಅದೇ ಅಂತ ಗೊತ್ತಿತ್ತಲ್ಲ. ಭೂತಕನ್ನಡಿ ಅಕ್ಷರದ ಮೇಲೆ ಜಾರುತ್ತ ಬಂದು ಒಂದು ಕಡೆ ನಿಂತಿತು.

"ಕನ್ನಡಿಗ... ಇದು ನೀನು, ಅಲ್ಲವಾ?"

"ಹೌದು, ಸುಬೇದಾರ್ ಸಾಬ್."

"ಒಂದೇ ಪುಟ?"

"ಒಂದೇ."

"ಶಾಬಾಶ್" ಅಂದರು. ನಿಜವಾದ ಸಂತೋಷದಿಂದಲೇ ಅಂದರು. ಆಮೇಲೆ ಕನ್ನಡಿ ಇನ್ನೂ ಕೆಳಗೆ, ಎನ್ ಅಕ್ಷರದ ಕಡೆಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ಇತ್ತು. ಪುಸ್ತಕ ಮುಚ್ಚಿ, "ಚಾಯ್ ಕುಡಿತೀಯಾ?" ಅಂತ ಕೇಳಿದರು.

ಮುಂದೆ ನಾವು ದ್ವಾರಕಾದಲ್ಲಿ ಫ್ಲಾಟ್ ಮಾಡಿಕೊಂಡೆವು. ಈ ವಿಷಯದ ಪುಸ್ತಕಗಳು ಬರುತ್ತಲೇ ಇವೆ. 2006ರಲ್ಲಿ ಸಾಚಾರ್ ಸಮಿತಿ ಸೈನ್ಯದಲ್ಲಿ ಮುಸ್ಲಿಮರೆಷ್ಟು ಅಂತ ಕೇಳಿದ್ದಕ್ಕೆ ಪಾರ್ಲಿಮೆಂಟಿನಲ್ಲೇ ಗಲಾಟೆಯಾಗಿ, ಕೊನೆಗೆ ವರದಿಯಲ್ಲಿ ಸೈನ್ಯದ ಅಂಕಿ ಬರಲೇ ಇಲ್ಲ. 2015ರಲ್ಲಿ ಸ್ಟೀವನ್ ವಿಲ್ಕಿನ್ಸನ್ ಅವರ ಪುಸ್ತಕ ಬಂತು; ಭಾರತದಲ್ಲಿ ಸೈನ್ಯ ಯಾಕೆ ಅಧಿಕಾರ ಹಿಡಿಯಲಿಲ್ಲ, ಪಾಕಿಸ್ತಾನದಲ್ಲಿ ಯಾಕೆ ಹಿಡಿಯಿತು ಅನ್ನುವುದನ್ನು ಇದೇ ಪ್ರಾಂತ್ಯ-ಜಾತಿಯ ಲೆಕ್ಕ ಹಿಡಿದು ವಿವರಿಸುತ್ತದೆ. 2022ರಲ್ಲಿ ಅಗ್ನಿಪಥ ಯೋಜನೆ ಪ್ರಕಟಿಸಿದಾಗ ಭರ್ತಿ ಎಲ್ಲ ಪ್ರಾಂತ್ಯ, ಎಲ್ಲ ವರ್ಗಗಳಿಗೂ ತೆರೆದದ್ದು ಅಂತ ಸರಕಾರ ಹೇಳಿತು. ಆಗ ಸುಬೇದಾರರಿಗೆ ಎಂಬತ್ತು ದಾಟಿತ್ತು. ಫೋನಿನಲ್ಲಿ, "ತಂಬಿ ಗೆದ್ದ ಅಂತ ಹೇಳು" ಅಂದರು. ಅಪ್ಪ 2016ರಲ್ಲೇ ಹೋಗಿದ್ದ. ಅದು ಅವರಿಗೂ ಗೊತ್ತಿತ್ತು.

2023ರ ಜನವರಿ 15ರಂದು ಅವರದೇ ಫೋನು. ಸೇನಾ ದಿನದ ಕವಾಯತು ಮೊದಲ ಬಾರಿ ದಿಲ್ಲಿ ಬಿಟ್ಟು ಬೆಂಗಳೂರಿಗೆ ಹೋಗಿತ್ತು, ಅದೂ ಮದ್ರಾಸ್ ಸ್ಯಾಪರ್ಸ್ ಮೈದಾನದಲ್ಲಿ. "ಟಿವಿ ಹಾಕು, ನಿಮ್ಮಪ್ಪನ ಗ್ರೌಂಡು!" ಅಂತ ಕೂಗಿದರು. ಹಾಕಿದೆ. ಅಪ್ಪ ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಅನ್ನ ತಿಂದು ಹಸಿದುಕೊಂಡು ಓಡಿದ ಮಣ್ಣು ಇದೇ ಇರಬೇಕು ಅಂತ ನೋಡುತ್ತ ಕೂತೆ.

ಆ ವರ್ಷದ ಕೊನೆಗೆ ಸುಬೇದಾರರೂ ತೀರಿಕೊಂಡರು. ಮಾತಾಡಿಸಿಕೊಂಡು ಬರಲು ಹರಿನಗರಕ್ಕೆ ಹೋದಾಗ ಅವರ ಸೊಸೆ ಆ ಪುಸ್ತಕ ತಂದುಕೊಟ್ಟು, "ಅಂಕಲ್‌ಜೀ, ಇದು ನಿಮಗೇ ಇರಲಿ, ನಮ್ಮಲ್ಲಿ ಓದುವವರಿಲ್ಲ" ಅಂದರು. ಮೆಟ್ರೋದಲ್ಲಿ ಕೂತು ತೆರೆದೆ. ಇಂಡೆಕ್ಸಿನಲ್ಲಿ ಎನ್ ಅಕ್ಷರದ ಸಾಲುಗಳ ನಡುವೆ ಪೆನ್ಸಿಲಿನಲ್ಲಿ ಗುರುಮುಖಿಯಲ್ಲಿ ಒಂದು ಸಾಲು ಬರೆದಿತ್ತು. ನನಗೆ ಆ ಲಿಪಿ ಬರುವುದಿಲ್ಲ. ಪಕ್ಕದಲ್ಲಿ ನಿಂತಿದ್ದ ಸಿಖ್ ಹುಡುಗನಿಗೆ ತೋರಿಸಿ ಓದು ಅಂದೆ.

"ನವೆಂಬರ್ 1984" ಅಂದ. ಆಮೇಲೆ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿ, "ಪೇಜ್ ನಂಬರ್ ಬರೆದಿಲ್ಲ, ಅಂಕಲ್" ಅಂತ ವಾಪಸು ಕೊಟ್ಟ.